ನಾರುವ ಹೊಸ್ತಿಲು

ಕಲ್ಲಹಾಳದ ನೀರಿನ ಕೇಂದ್ರದಲ್ಲಿ ನಿಯಂತ್ರಣ ಕೋಣೆಯಷ್ಟು ಚೊಕ್ಕಟವಾದ ಜಾಗ ಇನ್ನೊಂದಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನೆಲದಲ್ಲಿ ಮುಖ ಕಾಣುತ್ತಿತ್ತು. ಆದರೂ ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ದಿನವೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಓಡುತ್ತಿದ್ದರು.

ಅದಕ್ಕೆ ಕಾರಣ ನೀಲಗಂಗಾ. ಅವಳು ತನ್ನ ಮೇಜಿನ ಮುಂದೆ ಕೂತು ನಾಲ್ಕು ಕೀಲಿ ಒತ್ತಿ 'ಕೊಳೆ' ಎಂಬ ಯಂತ್ರದೊಳಗೆ ಕಾಲಿಟ್ಟಳೆಂದರೆ ಸಾಕು, ಪರದೆಯ ಕೆಳಗಿದ್ದ ಪುಟ್ಟ ಪೆಟ್ಟಿಗೆಯಿಂದ ಒಂದು ಉಸಿರಿನಷ್ಟು ಗಾಳಿ ಹೊರಬೀಳುತ್ತಿತ್ತು. ಅದರಲ್ಲಿ ಗಟಾರವಿತ್ತು, ಕೊಳೆತ ಮೊಟ್ಟೆಯಿತ್ತು, ರಜೆಯಿಡೀ ಚೀಲದಲ್ಲೇ ಮರೆತುಹೋಗಿದ್ದ ಮಗುವಿನ ಊಟದ ಡಬ್ಬಿಯನ್ನು ಶಾಲೆ ಶುರುವಾಗುವ ಹಿಂದಿನ ದಿನ ತೆರೆದಾಗ ಮುಖಕ್ಕೆ ಹೊಡೆಯುವ ಅದೇ ಹೇಸಿಗೆಯಿತ್ತು.

"ಏನವಾ ನೀಲಕ್ಕಾ, ನಾ ಮನಿಗೆ ಹೋದ್ರ ನನ ಹೇಂಡ್ತಿ ಬಾಗಲಾ ತಗಿಯೂದಿಲ್ಲ. ಮದಲ ಅಂಗಳದಾಗ ಸ್ನಾನ ಮಾಡ್ರಿ ಅಂತಾಳ," ಎನ್ನುತ್ತಿದ್ದ ಪಕ್ಕದ ಮೇಜಿನ ಜಯತೀರ್ಥ.

"ಮಾಡು. ನೀರಂತೂ ನಾವ ಕೊಡ್ತೀವಲ್ಲ," ಎನ್ನುತ್ತಿದ್ದಳು ನೀಲಗಂಗಾ.

ಈ ನಾತ ಯಾಕೆ ಬೇಕಿತ್ತು ಎಂಬುದನ್ನು ಹೇಳಬೇಕಾದರೆ ಊರಿನ ನೀರಿನ ಕಥೆ ಹೇಳಬೇಕು. ಕಲ್ಲಹಾಳದ ಹೊಳೆ ವರ್ಷದಲ್ಲಿ ಅರ್ಧ ಕಾಲ ಬರೀ ಮರಳು. ಹಾಗಾಗಿ ಊರು ತಾನು ಬಳಸಿ ಚೆಲ್ಲಿದ ನೀರನ್ನೇ ಮತ್ತೆ ಶುದ್ಧ ಮಾಡಿ ಕುಡಿಯುವುದನ್ನು ಕಲಿತಿತ್ತು. ಬಚ್ಚಲಿನ ನೀರು, ಪಾತ್ರೆ ತೊಳೆದ ನೀರು, ಹೆಸರು ಹೇಳಲು ಹೇಸುವ ನೀರು, ಎಲ್ಲ ಒಂದೇ ಕೊಳವೆಯಲ್ಲಿ ಬಂದು ಕೇಂದ್ರದ ಒಂದು ತುದಿಗೆ ಬೀಳುತ್ತಿತ್ತು. ಇನ್ನೊಂದು ತುದಿಯಿಂದ ಕನ್ನಡಿಯಂಥ ನೀರಾಗಿ ಹೊರಡುತ್ತಿತ್ತು. ನಡುವಿನ ಕೆಲಸ ನೋಡಿಕೊಳ್ಳಲು ಮೂರು ಗಣಕಯಂತ್ರಗಳಿದ್ದವು. ಹೊಲಸು ನೀರಿಗೆ 'ಕೊಳೆ', ನಡುವಿನ ಜಾಲರಿಗಳಿಗೆ 'ಸೋಸು', ಕುಡಿಯುವ ನೀರಿನ ದೊಡ್ಡ ತೊಟ್ಟಿಗೆ 'ತಿಳಿ'.

ಈ ಯಂತ್ರಗಳಲ್ಲಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ನೀನು ಯಾರು, ಈಗ ಯಾವ ಯಂತ್ರದೊಳಗೆ ನಿಂತಿದ್ದೀಯ ಎಂದು ಹೇಳಿ, ಮುಂದೆ ಏನು ಅಪ್ಪಣೆ ಎಂದು ಕಣ್ಣು ಮಿಟುಕಿಸುತ್ತ ಕಾಯುತ್ತದೆ. ಪುಸ್ತಕದಲ್ಲಿ ಅದಕ್ಕೆ ಪ್ರಾಂಪ್ಟ್ ಎಂದು ಹೆಸರು. ಕೇಂದ್ರದವರು ಅದನ್ನು ಹೊಸ್ತಿಲು ಎನ್ನುತ್ತಿದ್ದರು. ಒಳಗೆ ಕಾಲಿಡುವ ಮೊದಲು ದಾಟಬೇಕಾದದ್ದಲ್ಲವೆ? ಅಲ್ಲದೆ ಅದನ್ನು ಹೊಸ್ತಿಲಿನ ಹಾಗೆಯೇ ಅವರವರ ಇಷ್ಟದಂತೆ ಸಿಂಗರಿಸಬಹುದಿತ್ತು. ಯಂತ್ರ ಎಚ್ಚರಗೊಳ್ಳುವಾಗ ಓದುವ ಕಡತವೊಂದಿರುತ್ತದೆ. ಅದರಲ್ಲಿ ಒಂದು ಸಾಲು ಬದಲಾಯಿಸಿದರೆ ಮುಗಿಯಿತು. ಜಯತೀರ್ಥ ತಾನು ನಂಬಿದ ಗುರುಗಳಾದ ರಾಯರ ಹೆಸರು ಬರೆದುಕೊಂಡಿದ್ದ. ಒಬ್ಬ ಕ್ರಿಕೆಟ್ ಸ್ಕೋರು ತೋರಿಸಿಕೊಳ್ಳುತ್ತಿದ್ದ, ಇನ್ನೊಬ್ಬಳು ಸೊಂಡಿಲೆತ್ತಿದ ಆನೆ. ಸಿಂಗಾರ ಹೆಚ್ಚಿದಂತೆ ಯಂತ್ರದ ಹೆಸರು ಮೂಲೆಗೆ ಸರಿಯುತ್ತ ಸರಿಯುತ್ತ ಕೆಲವರ ಪರದೆಯಿಂದ ಬಿದ್ದೇ ಹೋಗಿತ್ತು.

ಅಪಾಯವಿದ್ದದ್ದು ಅಲ್ಲಿ. ಮೂರೂ ಯಂತ್ರಗಳಿಗೆ ಅಪ್ಪಣೆಗಳು ಒಂದೇ, ನೀರು ಹಾಯಿಸುವ ಬಾಗಿಲುಗಳ ಸಂಖ್ಯೆಯೂ ಒಂದೇ. 'ಕೊಳೆ'ಯ ನಾಲ್ಕನೆಯ ಬಾಗಿಲು ತೆರೆದರೆ ತಳದ ರಾಡಿ ಒಣಗುವ ಕಣಕ್ಕೆ ಹೋಗುತ್ತದೆ, ಅದು ದಿನದ ಕೆಲಸ. 'ತಿಳಿ'ಯ ನಾಲ್ಕನೆಯ ಬಾಗಿಲು ತೆರೆದರೆ ಅರ್ಧ ಸೋಸಿದ ನೀರು ನೇರವಾಗಿ ಕುಡಿಯುವ ತೊಟ್ಟಿಗೆ ನುಗ್ಗುತ್ತದೆ. ಊರಿಗೆ ಬೆಂಕಿ ಬಿದ್ದು ತೊಟ್ಟಿ ಬರಿದಾದರೆ ಇರಲಿ ಎಂದು ಕಟ್ಟಿದ ಬಾಗಿಲು ಅದು.

ಹಿಂದೊಮ್ಮೆ ಯಾರೋ ಯಂತ್ರ ತಪ್ಪಿ ಅಪ್ಪಣೆ ಕೊಟ್ಟುಬಿಟ್ಟಿದ್ದರು. ಆ ದಿನ ತೊಟ್ಟಿ ತೊಳೆಯಲೆಂದು ಖಾಲಿಯಿದ್ದುದರಿಂದ ಊರು ಬದುಕಿತು. ಆಗಿನ ಮೇಲಧಿಕಾರಿ ನೀಲಗಂಗಾಳನ್ನು ಕರೆದು, "ಈ ಹೊಸ್ತಿಲಕ್ಕ ಏನರ ಮಾಡವಾ," ಎಂದರು. ಅವಳು ಮೊದಲು ಬಣ್ಣ ಹಚ್ಚಿದಳು, 'ಕೊಳೆ'ಗೆ ಕೆಂಪು, 'ತಿಳಿ'ಗೆ ಹಸಿರು. ಜಯತೀರ್ಥ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಅವಳನ್ನು ಚಹಾಕ್ಕೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ, "ನೀಲಕ್ಕಾ, ಯಾರ ಮುಂದೂ ಹೇಳಬ್ಯಾಡ. ನನಗ ಆ ಎರಡೂ ಬಣ್ಣ ಒಂದ ಕಾಣಸ್ತಾವ. ನನ ಅಂಗೀನೂ ಹೇಂಡ್ತೀನ ಆರಸ್ತಾಳ," ಎಂದ.

ಆ ಸಂಜೆ ನೀಲಗಂಗಾ ಮನೆಗೆ ಹೋಗಿ ಹಾಲು ಕಾಯಿಸಲು ಪಾತ್ರೆ ಎತ್ತಿಕೊಂಡಳು. ಎತ್ತಿಕೊಂಡ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ಮಗಳು ಮುಕ್ತಾ ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಹಾಲು, ಅನ್ನ, ಹಿಟ್ಟು, ಮಗುವಿನ ಬಟ್ಟೆ, ಜ್ವರ ಬಂದ ಮಗುವಿನ ನೆತ್ತಿ, ಎಲ್ಲವನ್ನೂ ಅವಳು ಮೊದಲು ಮೂಸುತ್ತಿದ್ದಳು. ಹಾಲು ಒಡೆದದ್ದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮೂಗು ಮೊದಲೇ ಹೇಳಿರುತ್ತದೆ. ಹೇಸಿಗೆ ಅನ್ನುವುದು ಒಬ್ಬ ಮುದುಕಿ ಕಾವಲುಗಾರ್ತಿಯ ಹಾಗೆ. ಬಾಯಿ ಹೊಲಸು, ಆದರೆ ಮನೆ ಕಾಯುತ್ತಾಳೆ.

ಸೀರೆ ಅಂಗಡಿಗಳಲ್ಲಿ, ಸಿನಿಮಾ ಮಂದಿರಗಳಲ್ಲಿ ಗಂಧಪೆಟ್ಟಿಗೆಗಳು ಬಂದು ಆಗಲೇ ಹಳತಾಗಿದ್ದವು. ಒಳಗೆ ಸಣ್ಣ ಶೀಷೆಗಳಲ್ಲಿ ಹಲವು ಸತ್ವಗಳಿರುತ್ತವೆ. ಯಾವುದು ಎಷ್ಟು ಎಂದು ಸಂಖ್ಯೆಗಳಲ್ಲಿ ಹೇಳಿದರೆ ಪೆಟ್ಟಿಗೆ ಬೆರೆಸಿ ಒಂದು ಉಸಿರು ಬಿಡುತ್ತದೆ. ಹೊಸ್ತಿಲಿನ ಸಾಲಿನಲ್ಲಿ ಬಣ್ಣದ ಸಂಕೇತ ಸೇರಿಸುವಂತೆಯೇ ಗಂಧದ ಸಂಕೇತವನ್ನೂ ಸೇರಿಸಬಹುದು ಎಂದು ಅವಳಿಗೆ ಹೊಳೆಯಿತು. ಹೊಸ್ತಿಲು ಮೂಡಿದಾಗ ಮಾತ್ರ ಒಂದು ಉಸಿರು, ಆಮೇಲೆ ಬೀಸಣಿಗೆ ಅದನ್ನು ಎಳೆದುಕೊಂಡು ಹೋಗಬೇಕು. ಇಲ್ಲದಿದ್ದರೆ ಮೂಗು ಒಗ್ಗಿಕೊಂಡು ಮಲಗಿಬಿಡುತ್ತದೆ.

ಕೇಂದ್ರದ ಹಿಂದಿನ ಪ್ರಯೋಗಶಾಲೆಯಲ್ಲಿ ಕೂತು ಅವಳು ನಾತ ಬೆರೆಸಿದಳು. ಅಲ್ಲಿ ಅವಳಿಗೆ ಒಂದು ವಿಚಿತ್ರ ತಿಳಿಯಿತು. ಮಲ್ಲಿಗೆಯ ವಾಸನೆ ಕಟ್ಟುವ ಸತ್ವಗಳಲ್ಲಿ ಇಂಡೋಲ್ ಎಂಬುದೊಂದಿದೆ. ಚಿಟಿಕೆಯಷ್ಟಿದ್ದರೆ ಹೂವಿಗೆ ಜೀವ ಬರುತ್ತದೆ. ಹೆಚ್ಚಾದರೆ ಅದೇ ಮಲದ ನಾತ. ಇಂಡೋಲ್ ಇಲ್ಲದ ಮಲ್ಲಿಗೆ ಕಾಗದದ ಹೂವಿನ ಹಾಗೆ ಸಪ್ಪೆ.

"ಅಂದ್ರ ಇಷ್ಟು ವರ್ಷ ನನ ಹೇಂಡ್ತಿ ತಲ್ಯಾಗ ಏನ ಮುಡಕೊಂಡಾಳ ಅಂತೀ?" ಎಂದ ಜಯತೀರ್ಥ, ಮೂಗು ಹಿಡಿದುಕೊಂಡು.

"ಹೂವನ ಮುಡಕೊಂಡಾಳ. ಮನಿಗೆ ಹೋಗಿ ಇದನ್ನ ಹೇಳೀಗೀಳೀ ಮತ್ತ!"

'ಕೊಳೆ'ಗೆ ಗಟಾರ ಬಂತು. 'ಸೋಸು'ವಿಗೆ ಪಾಚಿ ಕಟ್ಟಿದ ಕಲ್ಲಿನ ವಾಸನೆ. 'ತಿಳಿ'ಗೆ ಏನೂ ಇಲ್ಲ. ಒಳ್ಳೆಯ ನೀರಿಗೆ ವಾಸನೆಯೇ ಇರುವುದಿಲ್ಲ. ಹೊಸ್ತಿಲಿನ ಬಲತುದಿಯಲ್ಲಿ ಅವಳು ನೀರು ಎಷ್ಟು ಕದಡಿದೆ ಎಂಬ ಸಂಖ್ಯೆಯನ್ನೂ ಇಟ್ಟಳು. ಎಲ್ಲರೂ ಬೈದರು, ವಾಕರಿಸಿದರು, ಶುಂಠಿ ಅಗಿದರು. ಆದರೆ ಆಮೇಲೆ ಯಾರೂ ಯಂತ್ರ ತಪ್ಪಲಿಲ್ಲ. ನಾತದಲ್ಲಿ ನಿಂತವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೇಲಧಿಕಾರಿ ನಿವೃತ್ತರಾದರು. ಅವರ ಜಾಗಕ್ಕೆ ಅಂಗಡಿ ಸಾಹೇಬರು ಬಂದರು. ಕೆಟ್ಟವರೇನಲ್ಲ, ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಅತ್ತರಿನ ಕರವಸ್ತ್ರ. ಮೊದಲ ದಿನ ನಿಯಂತ್ರಣ ಕೋಣೆಗೆ ಕಾಲಿಟ್ಟವರು ಅದರಲ್ಲಿ ಮುಖ ಹುದುಗಿಸಿಕೊಂಡು, "ಇದೇನ್ರೀ ಇದು? ಮಂದಿ ಕುಡಿಯೋ ನೀರಿನ ಮನಿಯೋ, ಮತ್ತೇನರ ಮನಿಯೋ?" ಎಂದರು.

"ಇದು 'ಕೊಳೆ' ಹೊಸ್ತಿಲ್ರಿ ಸಾಹೇಬ್ರ. ಒಂದ ಗಳಿಗಿ ಇರ್ತೈತಿ, ಹೋಗ್ತೈತಿ."

"ಇರಬಾರದು. ಒಂದು ಗಳಿಗಿನೂ ಇರಬಾರದು. ಊರ ಮಂದಿ ಈ ನೀರು ಕುಡಿಲಿಕ್ಕೆ ಇನ್ನೂ ಹೇಸ್ತಾರ, ಗೊತ್ತದನು? ಹೇಸಿಗಿ ಹೋಗಬೇಕಂದ್ರ ಮದಲ ಇಲ್ಲಿಂದ ಹೋಗಬೇಕು. ಗಟಾರ ತಗೀರಿ, ಮಲ್ಲಿಗಿ ಹಾಕ್ರಿ."

"ಯಾವ ಯಂತ್ರಕ್ರಿ?"

"ಮೂರಕ್ಕೂ! ಆ ಬಲಕ್ಕ ಇರೋ ಅಂಕಿನೂ ತಗೀರಿ, ಜ್ವರದ ಚೀಟಿ ಇದ್ದಂಗ ಅಸಹ್ಯ ಕಾಣಸ್ತದ. ಎಲ್ಲಾರ ಪರದೀ ಮ್ಯಾಲೂ ಒಂದ ಸಾಲು ಬರಲಿ. 'ಶುಭವಾಗಲಿ, ಅಪ್ಪಣೆಯಾಗಲಿ.' ನೋಡಿದವ್ರಿಗೆ ಹಿತ ಅನಸ್ಬೇಕು."

ನೀಲಗಂಗಾ ಹಾಲಿನ ಮಾತು ಹೇಳಿದಳು, ಕಾವಲುಗಾರ್ತಿಯ ಮಾತು ಹೇಳಿದಳು, ಹಿಂದೆ ತಪ್ಪಿದ ಅಪ್ಪಣೆಯ ಮಾತನ್ನೂ ಹೇಳಿದಳು. ಸಾಹೇಬರು ಕರವಸ್ತ್ರದ ಹಿಂದಿನಿಂದ ನಸುನಕ್ಕರು. "ನೀವು ತಾಯಂದ್ರು. ಎಲ್ಲಾದ್ರಾಗೂ ಹೊಲಸು ಹುಡುಕ್ತೀರಿ."

ಅಷ್ಟಕ್ಕೇ ನಿಲ್ಲಲಿಲ್ಲ. ಊರಿನ ಮನೆಮನೆಯ ನಲ್ಲಿಗೂ ಗಂಧಪೆಟ್ಟಿಗೆ ಬಂತು. ಕಲ್ಲಹಾಳದ ನಲ್ಲಿಗಳಲ್ಲಿ ಮೊದಲಿನಿಂದಲೂ ಹೆಬ್ಬೆರಳಗಲದ ಪರದೆಯೂ ಅದರ ಹಿಂದೆ ಸಣ್ಣದೊಂದು ಗಣಕವೂ ಇದ್ದವು. ಇನ್ನು ಮೇಲೆ ನಲ್ಲಿ ತಿರುಗಿಸಿದ ಕೂಡಲೇ ಅದರ ಹೊಸ್ತಿಲೂ ಶುಭ ಕೋರಿ ಮಲ್ಲಿಗೆಯ ಉಸಿರು ಬಿಡಬೇಕು. ಯುಗಾದಿಗೆ ಬೇವಿನ ಹೂವು, ದಸರೆಗೆ ಚಂದನ ಎಂದು ಆಗಾಗ ಬದಲಾಯಿಸಲು ಅನುಕೂಲವಾಗಲೆಂದು ಎಲ್ಲ ನಲ್ಲಿಗಳೂ 'ತಿಳಿ'ಯಲ್ಲಿರುವ ಒಂದೇ ಕಡತವನ್ನು ಓದಿಕೊಳ್ಳುವಂತೆ ಮಾಡಿದರು. ಗಂಧದ ಸಂಕೇತ ಬಲ್ಲವಳು ನೀಲಗಂಗಾ ಒಬ್ಬಳೇ. ಕಡತವನ್ನು ಅವಳೇ ಬರೆಯಬೇಕಾಯಿತು. ಬರೆಯುವಾಗ ಶುಂಠಿ ಅಗಿದಳು. ಗಟಾರ ಬೆರೆಸುವಾಗಲೂ ಅಷ್ಟು ಅಗಿದಿರಲಿಲ್ಲ.

ಮಲ್ಲಿಗೆ ಬಂದ ಮೇಲೆ ಅವಳ ಅಡುಗೆಮನೆ ಅವಳದಾಗಿ ಉಳಿಯಲಿಲ್ಲ. ಬೇಳೆ ತೊಳೆದರೆ ಮಲ್ಲಿಗೆ, ಸಾರು ಕುದಿಸಿದರೆ ಮಲ್ಲಿಗೆ. ಬೆಳ್ಳುಳ್ಳಿಯ ಒಗ್ಗರಣೆಯ ಮೇಲೆ ಮಲ್ಲಿಗೆ ಬಂದು ಕೂತರೆ ಹೇಗಿರುತ್ತದೆ? ಜ್ವರದ ಕೋಣೆಯಲ್ಲಿ ಊದುಬತ್ತಿ ಹಚ್ಚಿದ ಹಾಗೆ. ಮೀನು ತೊಳೆದ ಪಕ್ಕದ ಮನೆಯ ಖೈರಬಿಯ ಕೈಯೂ ಮಲ್ಲಿಗೆ, ಮಗುವಿನ ಕುಂಡೆ ತೊಳೆಸಿದ ಎದುರು ಮನೆಯವಳ ಕೈಯೂ ಮಲ್ಲಿಗೆ. ನೀಲಗಂಗಾಳಿಗೆ ಹೂವಿನ ಮೇಲೆಯೇ ಅಸಹ್ಯ ಹುಟ್ಟಿತು. ದೇವರಿಗೆ ಏರಿಸಲು ದಂಡೆ ಕೈಗೆತ್ತಿಕೊಂಡರೆ ಬಾಯಲ್ಲಿ ಉಗುಳು ತುಂಬುತ್ತಿತ್ತು. ಕೊನೆಗೆ ಒಂದು ದಿನ ಪಾತ್ರೆ ಉಜ್ಜುತ್ತಿದ್ದವಳು ಚಾಕು ತೆಗೆದುಕೊಂಡು ತನ್ನ ನಲ್ಲಿಯ ಗಂಧಪೆಟ್ಟಿಗೆಯನ್ನು ಮೀಟಿ ಕಿತ್ತು ಹಳೆಯ ಡಬ್ಬದಲ್ಲಿ ಮುಚ್ಚಿಟ್ಟಳು.

ಒಂದನೆಯ ತರಗತಿಯ ಮುಕ್ತಾಳಿಗೆ ಬೇಸರವಾಯಿತು. "ಎಲ್ಲಾರ ನಲ್ಲಿಗೂ ಹೂ ಐತಿ. ನಮ್ಮನೀ ನಲ್ಲಿ ಬೋಳು."

"ಬೋಳ ಇರಲಿ ಬಂಗಾರಾ. ನೀರಿಗೆ ಯಾಕ ಹೂವು? ಅದೇನ ಮದವಿಗೆ ಹೊಂಟೈತನು?"

"ಶಾಲ್ಯಾಗಿನ ನೀರು ಎಷ್ಟ ಗಮ್ಮಂತೈತಿ ಗೊತ್ತನು? ನಾ ಊಟಾ ಆದಕೂಡಲೆ ಎರಡ ಲೋಟ ಕುಡೀತೀನಿ."

ನಿಯಂತ್ರಣ ಕೋಣೆಯಲ್ಲಿ ಈಗ ಶುಂಠಿ ಅಗಿಯುವವರಿರಲಿಲ್ಲ. ಮೂರು ಯಂತ್ರಗಳ ಮೂರು ಹೊಸ್ತಿಲೂ ಒಂದೇ ತಾಯಿಯ ಮಕ್ಕಳಂತೆ ಶುಭ ಕೋರುತ್ತಿದ್ದವು. ಯಾವುದರೊಳಗೆ ನಿಂತಿದ್ದೇವೆಂದು ತಿಳಿಯಲು ಹೆಸರು ಕೇಳುವ ಬೇರೆ ಅಪ್ಪಣೆ ಬರೆಯಬೇಕಿತ್ತು. ಮೊದಮೊದಲು ಎಲ್ಲರೂ ಬರೆದರು. ಆಮೇಲೆ ಬಿಟ್ಟರು.

ಹೊರ ಊರುಗಳ ಅತಿಥಿಗಳು ಕಲ್ಲಹಾಳದ ಪರಿಮಳದ ನೀರು ನೋಡಲು ಬರುವ ದಿನ ನೀಲಗಂಗಾಳಿಗೆ ರಜೆಯಿತ್ತು. ಮಗಳನ್ನು ಶಾಲೆಗೆ ಕಳಿಸಿ, ಬಟ್ಟೆ ಒಣಹಾಕಿ, ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದಳು.

ನಾತ ಬಂತು.

ಅವಳು ಮೊದಲು ನೀರನ್ನು ಅನುಮಾನಿಸಲಿಲ್ಲ. ಯಾವ ಹೆಂಗಸಾದರೂ ಅನುಮಾನಿಸುವುದು ಮೊದಲು ತನ್ನ ಮನೆಯನ್ನೇ. ಒರೆಸುವ ಬಟ್ಟೆ ಮೂಸಿದಳು. ಬಚ್ಚಲಿನ ಜಾಲರಿ ಎತ್ತಿ ಮೂಸಿದಳು. ಇಲಿ ಸತ್ತಿದೆಯೇ ಎಂದು ಡಬ್ಬಗಳ ಹಿಂದೆ ಬಗ್ಗಿ ನೋಡಿದಳು. ಕೊನೆಗೆ ಅಕ್ಕಿಯ ಬೋಗುಣಿಯನ್ನು ಮುಖದ ಹತ್ತಿರ ತಂದಳು. ಬಿಳಿ ಅಕ್ಕಿಯ ಮೇಲೆ ತೆಳ್ಳಗೆ ಕಂದು ಬಣ್ಣದ ಜಿಡ್ಡು ತೇಲುತ್ತಿತ್ತು. ಆ ವಾಸನೆ ಅವಳಿಗೆ ಗೊತ್ತಿತ್ತು. ಪಾಚಿ ಕಟ್ಟಿದ ಕಲ್ಲು, ಅದರ ಅಡಿಯಿಂದ ಇಣುಕುವ ಗಟಾರ. ಅರ್ಧ ಸೋಸಿದ ನೀರು.

ಬೋಗುಣಿ ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದಳು. ಖೈರಬಿ ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು. ಅಡುಗೆಮನೆಯೆಲ್ಲ ಮಲ್ಲಿಗೆ ಘಮಘಮಿಸುತ್ತಿತ್ತು.

"ಖೈರಕ್ಕಾ, ನೀರು ನಾರಾಕತ್ತೈತೇನ?"

"ಇಲ್ಲಲ್ಲ? ದಿನಾ ಬಂದಂಗ ಬಂದೈತಿ. ಯಾಕ ನೀಲಾ, ಮಾರಿ ಹಿಂಗ್ಯಾಕ ಬಿಳೀ ಆಗೈತಿ?"

ನೀಲಗಂಗಾ ನಲ್ಲಿಯ ಗಂಧಪೆಟ್ಟಿಗೆಯ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ ನೀರು ಬಿಟ್ಟಳು. "ಈಗ ಮೂಸು."

ಖೈರಬಿ ಬಗ್ಗಿದಳು. ಬಗ್ಗಿದವಳು ತಟ್ಟನೆ ಹಿಂದೆ ಸರಿದು ತನ್ನ ಹಿಟ್ಟಿನ ಕೈಗಳನ್ನೇ ನೋಡಿಕೊಂಡಳು, ಅವು ಬೇರೆ ಯಾರದೋ ಕೈಗಳೆಂಬಂತೆ. "ಯಾ ಅಲ್ಲಾ! ಮುಂಜಾನಿಂದ ಇದನ್ನ..." ಎಂದು ಮೋರಿಯ ಕಡೆ ತಿರುಗಿದಳು.

ಮನೆಗೆ ಬಂದು ನೀಲಗಂಗಾ ಜಯತೀರ್ಥನಿಗೆ ಫೋನು ಮಾಡಿದಳು. ಹಿಂದೆ ಗದ್ದಲ, ಸ್ಪೀಕರಿನ ಶಬ್ದ.

"ಲಗೂ ಹೇಳು ನೀಲಕ್ಕಾ. ಅತಿಥಿಗಳು ಬಂದಾರ, ಇಲ್ಲೆ ಕೆಳಗ ಅಂಗಳದಾಗ ಭಾಷಣ ನಡದದ."

"ಜಯಣ್ಣಾ, ನೀ ಈಗ ಯಾವ ಯಂತ್ರದಾಗ ನಿಂತೀ?"

"'ಕೊಳೆ'ದಾಗ. ಆಗಲೆ ರಾಡಿ ಬಿಟ್ಟೀನಿ. ಯಾಕ?"

"ಅದಕಿಂತ ಮದಲ?"

"ಅದಕಿಂತ ಮದಲ 'ತಿಳಿ'ದಾಗ ಹೋಗಿದ್ದೆ. ಸಾಹೇಬ್ರು ತೊಟ್ಟಿ ತುಂಬೇದನು ನೋಡ್ರಿ ಅಂದ್ರು. ಅಷ್ಟರಾಗ ಮಾಲೀ ಎಲ್ಲಿ, ಹಾರಾ ಎಲ್ಲಿ ಅಂತ ಫೋನ್ ಬಂತು, ಆಮ್ಯಾಲೆ..." ಅವನ ದನಿ ನಿಧಾನವಾಯಿತು.

"ಹೆಸರ ಕೇಳು ಜಯಣ್ಣಾ. ಯಂತ್ರಕ್ಕ ಹೆಸರ ಕೇಳು."

ಕೀಲಿ ಒತ್ತಿದ ಸದ್ದು ಕೇಳಿಸಿತು. ಆಮೇಲೆ ಭಾಷಣದ ಸದ್ದಷ್ಟೇ. ಯಾರೋ ಪರಿಮಳದ ಬಗ್ಗೆ ಮಾತಾಡುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು.

"ಜಯಣ್ಣಾ?"

"'ತಿಳಿ'," ಎಂದ ಅವನು. ಅಷ್ಟೇ ಎಂದ. ಆಮೇಲೆ ಅಳುವ ಮಗುವಿನ ದನಿಯಲ್ಲಿ, "ನಾ ಹೊರಗ ಬಂದೇ ಇಲ್ಲ ನೀಲಕ್ಕಾ. ಅಲ್ಲೇ ನಿಂತು ನಾಕನೇ ಬಾಗಲಾ ತಗದೀನಿ. ಅದೇ ಮಲ್ಲಿಗಿ, ಅದೇ ಶುಭವಾಗಲಿ... ಅಯ್ಯೋ ರಾಯರ!"

"ಅಳಬ್ಯಾಡ. ಬಾಗಲಾ ಹಾಕು. ಮದಲ ಬಾಗಲಾ ಹಾಕು."

ಅವನು ಹಾಕಿದ. ಆದರೆ ತೊಟ್ಟಿ ಕೆಟ್ಟಾಗಿತ್ತು, ಕೊಳವೆಗಳು ಕೆಟ್ಟಾಗಿದ್ದವು. ಇಡೀ ಊರಿಗೆ ನೀರು ನಿಲ್ಲಿಸಬೇಕಾದರೆ ಅಂಗಡಿ ಸಾಹೇಬರ ಹೆಬ್ಬೆಟ್ಟು ಬೇಕು. ಸಾಹೇಬರು ವೇದಿಕೆಯ ಮೇಲಿದ್ದರು, ಫೋನು ಎತ್ತಲಿಲ್ಲ. ಜಯತೀರ್ಥ ಕೆಳಗೆ ಓಡಿದರೆ ಸ್ವಾಗತದವರು ಭಾಷಣ ಮುಗಿಯಲಿ ಎಂದು ತಡೆದರು.

ನೀಲಗಂಗಾ ಗೋಡೆಯ ಗಡಿಯಾರ ನೋಡಿದಳು. ಶಾಲೆಯಲ್ಲಿ ಊಟದ ಗಂಟೆ ಬಾರಿಸುವ ಹೊತ್ತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿರುತ್ತಾರೆ. ಊಟವಾದ ಕೂಡಲೇ ಮುಕ್ತಾ ನಲ್ಲಿಗೆ ಓಡುತ್ತಾಳೆ. ಎರಡು ಲೋಟ. ಶಾಲೆಗೆ ಫೋನು ಮಾಡಿದಳು. ಬಾರಿಸಿ ಬಾರಿಸಿ ನಿಂತಿತು, ಬಡಿಸುವ ಹೊತ್ತಿನಲ್ಲಿ ಯಾರು ಎತ್ತುತ್ತಾರೆ? ಓಡಿದರೂ ಮುಟ್ಟುವಷ್ಟು ಹತ್ತಿರವಿಲ್ಲ. ಮುಟ್ಟಿದರೂ ತನ್ನ ಮಗಳೊಬ್ಬಳ ಕೈಯಿಂದ ಲೋಟ ಕಸಿದುಕೊಂಡಾಳು. ಉಳಿದ ಮಕ್ಕಳು? ಉಳಿದ ಮನೆಗಳು? ಊರಿನ ಅಷ್ಟೂ ನಲ್ಲಿಗಳ ಮುಂದೆ ನಿಂತು, ಕುಡಿಯಬೇಡಿ ಎಂದು ಯಾರು ಕೂಗುತ್ತಾರೆ?

ಅವಳ ಕಣ್ಣು ತನ್ನ ಬೋಳು ನಲ್ಲಿಯ ಮೇಲೆ ಬಿತ್ತು. ಪೆಟ್ಟಿಗೆ ಕಿತ್ತಿದ್ದರೂ ಪುಟ್ಟ ಪರದೆ ಇನ್ನೂ ಮಿನುಗುತ್ತಿತ್ತು. ಶುಭವಾಗಲಿ, ಅಪ್ಪಣೆಯಾಗಲಿ.

"ಆಗಲಿ," ಎಂದಳು ನೀಲಗಂಗಾ.

ಕೆಲಸದ ಚೀಲದಿಂದ ಕೀಲಿಮಣೆ ತಂದು ನಲ್ಲಿಯ ಗಣಕಕ್ಕೆ ಜೋಡಿಸಿದಳು. ಒದ್ದೆ ಕಟ್ಟೆಯ ಮೇಲೆ, ಕೆಟ್ಟ ಅಕ್ಕಿಯ ಬೋಗುಣಿಯ ಪಕ್ಕದಲ್ಲಿ ನಿಂತು, ಅಲ್ಲಿಂದಲೇ 'ತಿಳಿ'ಯೊಳಗೆ ಹೋದಳು. ಯಂತ್ರಕ್ಕೆ ಹೆಸರು ಕೇಳಿದಳು. 'ತಿಳಿ' ಎಂದಿತು. ಬಾಗಿಲು ತೆರೆಯುವ ಅಧಿಕಾರ ರಜೆಯ ದಿನ ಅವಳಿಗಿಲ್ಲ, ನೀರು ನಿಲ್ಲಿಸುವ ಅಧಿಕಾರ ಯಾವ ದಿನವೂ ಇಲ್ಲ. ಆದರೆ ಹೊಸ್ತಿಲಿನ ಕಡತ ಅವಳು ಬರೆದದ್ದು. ಸಿಂಗಾರಕ್ಕೆ ಯಾರೂ ಕಾವಲಿಟ್ಟಿರಲಿಲ್ಲ.

ಕಡತ ತೆರೆದಳು. ಮಲ್ಲಿಗೆಯ ಸಂಕೇತ ಒಂದೇ ಸಾಲಿನಲ್ಲಿತ್ತು, ಸತ್ವಗಳ ಅಳತೆ ಒಂದರ ಪಕ್ಕ ಒಂದು. ಮನೆಯ ಪೆಟ್ಟಿಗೆಗಳಲ್ಲಿ ಗಟಾರದ ಶೀಷೆಯಿಲ್ಲ ನಿಜ. ಇಂಡೋಲ್ ಇದೆಯಲ್ಲ. ಹೂವಿಗೆ ಜೀವ ಕೊಡಲು ಚಿಟಿಕೆಯಷ್ಟು ಇಟ್ಟಿದ್ದ ಆ ಅಳತೆಯ ಮುಂದೆ ಅವಳ ಬೆರಳು ನಿಂತಿತು.

ಒಂದು ಕ್ಷಣ ಅವಳಿಗೆ ಎಲ್ಲವೂ ಕಾಣಿಸಿತು. ಊರಿಗೆ ಊರೇ ವಾಕರಿಸುತ್ತದೆ. ಮಕ್ಕಳು ತಟ್ಟೆಯ ಮೇಲೆ ಕಾರುತ್ತಾರೆ, ಅವರಲ್ಲಿ ತನ್ನ ಮಗಳೂ ಒಬ್ಬಳು. ಈ ನೀರನ್ನು ನಂಬಲು ಊರಿಗೆ ಇಷ್ಟು ವರ್ಷ ಬೇಕಾಯಿತು, ಆ ನಂಬಿಕೆ ಇವತ್ತು ಗಟಾರ ಸೇರುತ್ತದೆ. ತನ್ನ ಕೆಲಸವೂ ಅದರ ಜೊತೆಗೆ ಹೋಗುತ್ತದೆ. ಮಗುವಿನ ಬಾಯಿಗೆ ಬೆರಳು ಹಾಕಿ ನುಂಗಿದ್ದನ್ನು ಕಕ್ಕಿಸುವಾಗ ತಾಯಿಯ ಕೈ ಹೇಗೆ ನಿಲ್ಲುವುದಿಲ್ಲವೋ ಹಾಗೆ ಅವಳ ಕೈ ಮುಂದುವರಿಯಿತು. ಉಳಿದ ಸತ್ವಗಳನ್ನೆಲ್ಲ ಅಳಿಸಿ ಇಂಡೋಲನ್ನು ತುಂಬ ಏರಿಸಿದಳು. ಶುಭವಾಗಲಿ ಎಂಬುದನ್ನು ಕಿತ್ತು ಅಲ್ಲಿ ಬರೆದಳು: 'ಹೊಲಸು ನೀರು. ಕುಡಿಯಬೇಡಿ.'

ಉಳಿಸಿದಳು.

ಮೊದಲು ಪಕ್ಕದ ಮನೆಯಿಂದ ಖೈರಬಿಯ ಕೂಗು ಬಂತು. ಕೈ ತೊಳೆಯಲು ಮತ್ತೆ ನಲ್ಲಿ ತಿರುಗಿಸಿದ್ದಳೋ ಏನೋ. ಆಮೇಲೆ ಎದುರು ಮನೆ. ಆಮೇಲೆ ಓಣಿಯುದ್ದಕ್ಕೂ ಕಿಟಕಿಗಳು ತೆರೆದುಕೊಂಡವು, ಕೊಡಗಳು ಬೋರಲಾದವು. ಯಾರೋ ಯಾರನ್ನೋ ಬೈದರು, ಯಾರೋ ಬೇಲಿಗೆ ಒರಗಿ ಕಾರಿದರು. ಹತ್ತಾರು ಮನೆಗಳ ಮಲದ ನಾತ ಒಟ್ಟುಗೂಡಿ ಬಿಸಿಲಿನಲ್ಲಿ ನಿಂತಿತು. ನೀಲಗಂಗಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ಆ ವಾಕರಿಕೆಗಳನ್ನು ಕೇಳಿದಳು. ಒಂದೊಂದು ವಾಕರಿಕೆಯೂ ಕುಡಿಯದೆ ಬಿಟ್ಟ ಒಂದೊಂದು ಲೋಟ.

ಕೇಂದ್ರದ ಅಂಗಳದಲ್ಲಿ ಆಗ ತಾನೇ ಹೂಹಾರ ಸುತ್ತಿದ ನಲ್ಲಿಯನ್ನು ಅಂಗಡಿ ಸಾಹೇಬರು ತಿರುಗಿಸಿದ್ದರಂತೆ. ಅತಿಥಿಗಳೆಲ್ಲ ಲೋಟ ಚಾಚಿ ನಿಂತಿದ್ದರಂತೆ. ಪೆಟ್ಟಿಗೆ ಉಸಿರು ಬಿಟ್ಟಿತು. ಹಿರಿಯ ಅತಿಥಿಯೊಬ್ಬರು ಶಾಲಿನಲ್ಲೇ ಕಾರಿಕೊಂಡರು. ಸಾಹೇಬರ ಅತ್ತರಿನ ಕರವಸ್ತ್ರ ಅವತ್ತು ಕೆಲಸಕ್ಕೆ ಬರಲಿಲ್ಲ.

ಅವರ ಫೋನು ಬಂದಾಗ ನೀಲಗಂಗಾ ಶಾಲೆಯ ದಾರಿಯಲ್ಲಿದ್ದಳು.

"ಏನ್ ಮಾಡೀರಿ ನೀವು? ಇಡೀ ಊರು ವಾಂತಿ ಮಾಡ್ಲಿಕ್ಕೆ ಹತ್ತೇದ!"

"ಮಾಡ್ಲಿ ಬಿಡ್ರಿ ಸಾಹೇಬ್ರ. ನೀವ ಮದಲ ಹೆಬ್ಬೆಟ್ಟ ಒತ್ತಿ ನೀರ ನಿಂದರಸ್ರಿ. ಆಮ್ಯಾಲ ನನ್ನ ಬೈರಿ, ನಾ ಎಲ್ಲಿಗೂ ಓಡೂದಿಲ್ಲ."

ಶಾಲೆಯ ಅಂಗಳದಲ್ಲಿ ಲೋಟಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಮುಕ್ತಾ ಓಡಿ ಬಂದು ಸೊಂಟ ತಬ್ಬಿಕೊಂಡಳು. ಲಂಗದ ಮೇಲೆಲ್ಲ ಅನ್ನ ಸಾರು ಕಾರಿಕೊಂಡಿದ್ದಳು. ಆದರೂ ಅವಳ ಕಣ್ಣು ಮಿನುಗುತ್ತಿತ್ತು. "ಅವ್ವಾ, ಅವ್ವಾ, ನಮ್ಮ ಶಾಲೀ ನಲ್ಲಿ ಹೂಸ ಬಿಡ್ತು!"

"ನೀರ ಕುಡದೇನ?"

"ಛೀ! ಯಾರ ಕುಡೀತಾರ ಅದನ್ನ? ಬಾಯಿಗೂ ಹಚ್ಚಲಿಲ್ಲ."

ನೀಲಗಂಗಾ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮಗಳ ನೆತ್ತಿಯಲ್ಲಿ ಮುಖವಿಟ್ಟಳು. ಹುಳಿ ವಾಂತಿ, ಬೆವರು, ಕೊಬ್ಬರಿ ಎಣ್ಣೆ. ಜಗತ್ತಿನಲ್ಲಿ ಅಷ್ಟು ಹಿತವಾದ ವಾಸನೆಯನ್ನು ಅವಳು ಅದುವರೆಗೆ ಮೂಸಿರಲಿಲ್ಲ.

ಮುಂಜಾನೆಯೇ ಕುಡಿದಿದ್ದ ಕೆಲವರಿಗೆ ಹೊಟ್ಟೆ ಕೆಟ್ಟಿತು. ಆಸ್ಪತ್ರೆಯ ಹಾಸಿಗೆಗಳು ತುಂಬಿದವು. ಖೈರಬಿಯೂ ಎರಡು ದಿನ ಅಲ್ಲಿ ಮಲಗಿ, ನೋಡಲು ಹೋದ ನೀಲಗಂಗಾಳಿಗೆ, "ನಿನ್ನ ಹೂವಿಗೆ ಬೆಂಕಿ ಹಚ್ಚಾ," ಎಂದು ಬೈದು ಕಿತ್ತಳೆ ಹಣ್ಣು ಇಸಿದುಕೊಂಡಳು. ಯಾರೂ ಸಾಯಲಿಲ್ಲ.

ವಿಚಾರಣೆ ನಡೆಯಿತು. ಅಪ್ಪಣೆಯಿಲ್ಲದೆ ಸಾರ್ವಜನಿಕರಿಗೆ ವಾಕರಿಕೆ ಬರಿಸಿದ್ದು ನೀಲಗಂಗಾಳ ಮೇಲಿನ ಆಪಾದನೆ. ಅವಳು ಅದನ್ನು ಅಲ್ಲಗಳೆಯಲಿಲ್ಲ. ಜಯತೀರ್ಥ ಎದ್ದು ನಿಂತು ತಾನು ಯಂತ್ರ ತಪ್ಪಿದ್ದನ್ನು ಹೇಳಿದ. ಆಮೇಲೆ, ಯಾರೂ ಕೇಳದಿದ್ದರೂ, ತನ್ನ ಕಣ್ಣಿಗೆ ಕೆಂಪು ಹಸಿರು ಒಂದೇ ಕಾಣುವುದನ್ನೂ ಹೇಳಿದ. "ನನಗ ಇದ್ದದ್ದ ಮೂಗೊಂದ. ಅದರ ಕಣ್ಣಿಗೆ ಹೂವಿನ ಅರಿವೀ ಕಟ್ಟಿದ್ರಿ," ಎಂದು ಕೂತ. ಅವತ್ತು ಅಂಗಡಿ ಸಾಹೇಬರ ಜೇಬಿನಲ್ಲಿ ಕರವಸ್ತ್ರವಿರಲಿಲ್ಲ.

ತೀರ್ಪು ಬಂತು. ನೀಲಗಂಗಾಳಿಗೆ ಕೆಲಸ ಉಳಿಯಿತು, ನಿಯಂತ್ರಣ ಕೋಣೆ ಉಳಿಯಲಿಲ್ಲ. ಕೇಂದ್ರದ ಹಿಂದಿನ ಪ್ರಯೋಗಶಾಲೆಗೆ ಅವಳನ್ನು ಹಾಕಿದರು. ಊರಿನ ಹೆಂಗಸರಂತೂ ಯಾವ ತೀರ್ಪಿಗೂ ಕಾಯಲಿಲ್ಲ. ಮಲ್ಲಿಗೆ ತೆಗೆಯುವ ತನಕ ನಲ್ಲಿ ಮುಟ್ಟುವುದಿಲ್ಲ ಎಂದು ಖಾಲಿ ಕೊಡಗಳನ್ನು ತಂದು ಕೇಂದ್ರದ ಬಾಗಿಲಿಗೆ ಒಟ್ಟಿದರು. ಮಲ್ಲಿಗೆ ಹೋಯಿತು. ಗಂಧಪೆಟ್ಟಿಗೆಗಳು ಉಳಿದವು, ಒಳಗೆ ಒಂದೇ ಶೀಷೆ. ನೀರು ತಿಳಿಯಾಗಿದ್ದರೆ ನಲ್ಲಿ ಸುಮ್ಮನಿರುತ್ತದೆ. ಕದಡಿದರೆ ನಾರುತ್ತದೆ. ಆ ಸಾಲನ್ನು ಬರೆದುಕೊಡಲು ನೀಲಗಂಗಾಳನ್ನೇ ಕರೆಸಿದರು. ಕೋಣೆಯಲ್ಲಿ 'ಕೊಳೆ'ಯ ಹೊಸ್ತಿಲು ಮತ್ತೆ ಗಟಾರವಾಯಿತು. ಜಯತೀರ್ಥ ಮತ್ತೆ ಶುಂಠಿ ಅಗಿಯುತ್ತಿದ್ದಾನೆ. ಹೆಂಡತಿ ಮತ್ತೆ ಅಂಗಳದಲ್ಲೇ ಸ್ನಾನ ಮಾಡಿಸುತ್ತಿದ್ದಾಳಂತೆ.

ಮನೆಯಲ್ಲಿ, ರೊಟ್ಟಿ ತಟ್ಟುತ್ತಿದ್ದ ನೀಲಗಂಗಾಳ ಬೆನ್ನ ಹಿಂದೆ ನಲ್ಲಿ ತಿರುಗಿದ ಸದ್ದಾಯಿತು. ಅವಳು ಹಿಟ್ಟಿನ ಕೈ ನಿಲ್ಲಿಸಿ ತಿರುಗಿ ನೋಡಿದಳು. ಮುಕ್ತಾ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದಿದ್ದಳು. ಕಣ್ಣು ಮುಚ್ಚಿ, ಮುಖ ಗಂಟಿಕ್ಕಿ, ಉದ್ದಕ್ಕೆ ಒಂದು ಉಸಿರು ಎಳೆದಳು. ಮುದುಕಿ ಕಾವಲುಗಾರ್ತಿಯೊಬ್ಬಳ ವಯಸ್ಸು ಒಂದು ಗಳಿಗೆ ಅವಳ ಮುಖದ ಮೇಲೆ ಬಂದು ಕೂತು ಎದ್ದುಹೋಯಿತು.

"ಏನೂ ವಾಸನೀನ ಇಲ್ಲವಾ," ಎಂದಳು.

ಹೇಳಿ, ತಾಯಿಯ ಅಪ್ಪಣೆಗೆ ಕಾಯದೆ ಗಟಗಟ ಕುಡಿದಳು.